ಯಂತ್ರಗಳ ಜೀರ್ಣೋದ್ಧಾರ

ಯಂತ್ರಗಳ ಚರಿತ್ರೆಯನ್ನು ಬರೆಯತಕ್ಕವರು ಪ್ರಾಯಶಃ ಅವು ಹುಟ್ಟಿದ ಊರು, ನಿರ್ಮಿಸಿದವನ ನಾಮಧೇಯ, ಆತನಿಗೆ ದೊರೆತ ಸ್ವಾಮ್ಯದ ಸನ್ನದು, ಇವಿಷ್ಟನ್ನು ಹೇಳಿ ತೃಪ್ತರಾಗುತ್ತಾರೆ. ಆ ಯಂತ್ರವು ಮೊದಲನೆಯ ಒಡೆಯನಲ್ಲಿ ಸವೆದು, ತೂಕದ ಲೆಕ್ಕದಲ್ಲಿ ಗುಜರಿಗೆ ಬಿದ್ದು, ಮತ್ತೊಂದು ಊರಿನ ಮತ್ತೊಬ್ಬ ಕುಶಲಿಯ ಕೈಗೆ ಸಿಕ್ಕಿ, ಇರಸು ಬದಲಾಗಿ, ಗಾಲಿ ಬದಲಾಗಿ, ಕೆಲವೊಮ್ಮೆ ಉದ್ಯೋಗವೇ ಬದಲಾಗಿ ಮತ್ತೆ ಐವತ್ತು ವರ್ಷ ದುಡಿದ ವೃತ್ತಾಂತವು ಗ್ರಂಥಸ್ಥವಾಗುವುದು ಬಹು ವಿರಳ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಎಂಬ ಮೂರು ಊರುಗಳ ಕಡೆಗೆ ನೋಡುವಾಗ ಈ ಲೋಪ ವಿಶೇಷವಾಗಿ ಕಣ್ಣಿಗೆ ಬೀಳುತ್ತದೆ. ಪಂಚಗಂಗೆಯ ಮತ್ತು ಹಿರಣ್ಯಕೇಶಿಯ ದಡದ ಈ ಸೀಮೆಗೆ ಯಂತ್ರಯುಗವು ಹೊಸ ಪೆಟ್ಟಿಗೆಯಲ್ಲಿ ಬಂದುದಕ್ಕಿಂತ ಹಳೆಯ ಸಾಮಾನಾಗಿ ಬಂದದ್ದೇ ಹೆಚ್ಚು. ಇಲ್ಲಿಯ ಕರಕುಶಲಿಗಳು ಯಂತ್ರಶಾಸ್ತ್ರವನ್ನು ಕಲಿತದ್ದೂ ಇನ್ನೊಬ್ಬರು ಬಿಸಾಡಿದ್ದನ್ನು ಬಿಚ್ಚಿ ಜೋಡಿಸುವುದರಿಂದಲೇ. ನಮ್ಮ ಪ್ರಾಚೀನರು ದೇವಾಲಯಗಳಿಗೆ ದತ್ತಿ ಬಿಡುವಾಗ ನೈವೇದ್ಯ ನಂದಾದೀವಿಗೆಗಳ ಜೊತೆಗೆ ಖಂಡಸ್ಫುಟಿತಜೀರ್ಣೋದ್ಧಾರಕ್ಕೆಂದು ಶಾಸನದಲ್ಲಿ ಪ್ರತ್ಯೇಕವಾಗಿ ಬರೆಯಿಸುತ್ತಿದ್ದರು. ಒಡೆದದ್ದನ್ನೂ ಬಿರಿದದ್ದನ್ನೂ ಎತ್ತಿ ನಿಲ್ಲಿಸುವುದು ಹೊಸದಾಗಿ ಕಟ್ಟುವುದಕ್ಕಿಂತ ಕಡಿಮೆಯ ಕಾರ್ಯವಲ್ಲವೆಂಬ ಆ ಭಾವನೆಯನ್ನು ಲೋಹಕ್ಕೂ ಮರಕ್ಕೂ ಅನ್ವಯಿಸಿದವರ ಕಥೆಯನ್ನು, ಅದರಲ್ಲಿಯೂ ಬಡಗಿಯ ಮನೆಯ ಗರಗಸದ ಮೇಜನ್ನು ಕೇಂದ್ರವಾಗಿಟ್ಟುಕೊಂಡು, ಇಲ್ಲಿ ಹೇಳಬೇಕೆಂದಿದ್ದೇನೆ.

ಯಂತ್ರದ ಗರಗಸ ಬರುವುದಕ್ಕೆ ಮುಂಚೆ ಮರ ಕೊಯ್ಯುವುದೆಂದರೆ ಇಬ್ಬರ ಕೆಲಸ; ದಿಮ್ಮಿಯನ್ನು ಎತ್ತರದ ಅಟ್ಟಣೆಯ ಮೇಲೆ ಏರಿಸಿ, ಒಬ್ಬನು ಮೇಲೆ ನಿಂತು ಸುಣ್ಣದ ಗೆರೆಯನ್ನು ನೋಡುತ್ತ ಎಳೆಯಬೇಕು, ಇನ್ನೊಬ್ಬನು ಕೆಳಗೆ ನಿಂತು ಕಣ್ಣಿಗೆ ಹೊಟ್ಟು ಬೀಳಿಸಿಕೊಳ್ಳುತ್ತ ಎಳೆಯಬೇಕು. ಕೊಲ್ಹಾಪುರದ ಮಹಾಲಕ್ಷ್ಮಿಯ ಗುಡಿಯ ಮುಂದಿನ ಗರುಡಮಂಟಪದ ಮರಗೆಲಸವನ್ನಾಗಲಿ, ಸಂಸ್ಥಾನದ ಸರದಾರರ ವಾಡೆಗಳ ತೊಲೆ ಜಂತಿಗಳನ್ನಾಗಲಿ ನೋಡುವವರು ಆ ಕಂಬಗಳ ಹಿಂದೆ ಹೆಸರಿಲ್ಲದ ಈ ಜೋಡಿಗಳ ಬೆವರು ಎಷ್ಟಿರಬೇಕೆಂದು ಊಹಿಸಿಕೊಳ್ಳಬಹುದು. ಆಜರಾ, ಚಂದಗಡಗಳ ಕಡೆಯ ಸಹ್ಯಾದ್ರಿಯ ಕಾಡಿನಿಂದ ಬಯಲುಸೀಮೆಗೆ ಇಳಿಯುವ ದಾರಿಯಲ್ಲಿ ಗಡಹಿಂಗ್ಲಜವು ಸಹಜವಾದ ಪೇಟೆ. ಪಶ್ಚಿಮದಿಂದ ಕಾಡಿನ ಉತ್ಪನ್ನ, ಪೂರ್ವದ ಸಂಕೇಶ್ವರ ಹುಕ್ಕೇರಿಗಳ ಕಡೆಯಿಂದ ಮೆಣಸಿನಕಾಯಿ, ಜೋಳ, ಎತ್ತು, ಹೀಗೆ ಎರಡು ಭೂಮಿಗಳೂ ಎರಡು ಭಾಷೆಗಳೂ ಅಲ್ಲಿ ಸಂಧಿಸುತ್ತವೆ. ಬಂಡಿಯ ಗಾಲಿ, ಕೂರಿಗೆ, ಕುಂಟೆ, ಬಾಗಿಲಚೌಕಟ್ಟು ಇವನ್ನು ಮಾಡುವ ಬಡಿಗೇರನು ಮರಾಠಿಯ ಸುತಾರನೊಡನೆ ಒಂದೇ ಸಾಲಿನಲ್ಲಿ ಕುಳಿತು, ಎರಡು ನುಡಿಗಳಲ್ಲಿಯೂ ಚೌಕಾಸಿ ಮಾಡಬಲ್ಲವನಾಗಿದ್ದನು, ಈಗಲೂ ಹಾಗೆಯೇ.

ತಿರುಗುವ ಬಿಲ್ಲೆಯ ಗರಗಸವು ಹುಟ್ಟಿದ್ದು ಬಹು ದೂರದಲ್ಲಿ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಎಂಬವನು 1777ರಲ್ಲಿ ಪಡೆದ ಸನ್ನದಿನಲ್ಲಿ ಅದರ ಉಲ್ಲೇಖವಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಪೋರ್ಟ್ಸ್‌ಮತ್ತಿನ ನೌಕಾಂಗಣದಲ್ಲಿ ಮಾರ್ಕ್ ಬ್ರುನೆಲ್ ಯೋಜಿಸಿ ಹೆನ್ರಿ ಮಾಡ್‌ಸ್ಲೆ ನಿರ್ಮಿಸಿದ ರಾಟೆ ತಯಾರಿಸುವ ಯಂತ್ರಸಾಲೆಯಲ್ಲಿ, ಇಂಥ ಗರಗಸಗಳ ನೆರವಿನಿಂದ 10 ಜನ ಸೇರಿ 110 ಕುಶಲಿಗಳ ಕೆಲಸವನ್ನು ಮಾಡುವಂತಾಯಿತು. 1906ರಲ್ಲಿ ಬರ್ಲಿನ್ನಿನ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫನು ಹಲಗೆಯನ್ನು ಹೊತ್ತು ಜಾರುವ ಮೇಜನ್ನು ಗರಗಸಕ್ಕೆ ಜೋಡಿಸಿದನು; 1939ರಲ್ಲಿ ಅಮೆರಿಕದ ಡೆಲ್ಟಾ ಕಂಪನಿಯು ಮೇಜನ್ನು ಓರೆ ಮಾಡುವ ಬದಲು ಒಳಗಿನ ಬಿಲ್ಲೆಯೇ ಓರೆಯಾಗುವ ಯುನಿಸಾ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಈ ಪರಿಷ್ಕಾರಗಳೆಲ್ಲ ಅಲ್ಲಿ ಒಂದಾದ ಮೇಲೊಂದು ಕ್ರಮವಾಗಿ ಬಂದವು. ನಮ್ಮಲ್ಲಿ ಬಂದುದು ಬೇರೆ ಕ್ರಮದಲ್ಲಿ: ಮೊದಲು ಬೀಡುಕಬ್ಬಿಣದ ಒಂದು ಭಾರವಾದ ಮೇಜು, ಅದೂ ಇನ್ನೊಬ್ಬರು ಉಪಯೋಗಿಸಿ ಬಿಟ್ಟದ್ದು, ಉಳಿದ ಪರಿಷ್ಕಾರಗಳು ತಡವಾಗಿ, ಹಿಂದುಮುಂದಾಗಿ, ಕೆಲವು ಬಾರದೆಯೇ.

ಮೀರಜಿನಿಂದ ಕೊಲ್ಹಾಪುರಕ್ಕೆ ರೈಲುಮಾರ್ಗವು 1891ರಲ್ಲಿ ತೆರೆಯಿತು. ಮೂರು ವರ್ಷಗಳ ಬಳಿಕ ಅಧಿಕಾರವನ್ನು ಕೈಗೊಂಡ ಶಾಹೂ ಛತ್ರಪತಿಗಳು 1906ರಲ್ಲಿ ಬಟ್ಟೆಯ ಗಿರಣಿಯನ್ನು ಸ್ಥಾಪಿಸಿದರು, ತದನಂತರ ರಾಧಾನಗರಿಯ ಜಲಾಶಯದ ಕೆಲಸಕ್ಕೆ ತೊಡಗಿದರು. ರಾಜಾಶ್ರಯದ ಈ ಕಥೆ ಸುಪ್ರಸಿದ್ಧವಾದುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಊರಿನ ಯಂತ್ರಬುದ್ಧಿಯ ನಿಜವಾದ ಆರಂಭವು ಗಿರಣಿಯಲ್ಲಿಯೂ ಆಗಲಿಲ್ಲ, ಅರಮನೆಯಲ್ಲಿಯೂ ಆಗಲಿಲ್ಲ, ಮೇಸ್ತ್ರಿ ಮನೆತನದ ಇಬ್ಬರು ಸಹೋದರಸಂಬಂಧಿಗಳ ಕೆಲಸದ ಕೋಣೆಯಲ್ಲಿ ಆಯಿತು.

ಆನಂದರಾವ್ ಮತ್ತು ಬಾಬೂರಾವ್ ಎಂಬ ಈ ಇಬ್ಬರು ನಾಟಕಮಂಡಲಿಗಳಿಗೆ ಪರದೆಗಳನ್ನು ಬರೆದುಕೊಡುತ್ತಿದ್ದುದರಿಂದ ಪೇಂಟರ್ ಎಂಬ ಉಪನಾಮದಿಂದಲೇ ಲೋಕಕ್ಕೆ ಪರಿಚಿತರಾದರು. 1890ರಲ್ಲಿ ಜನಿಸಿದ ಬಾಬೂರಾವ್ ಅವರಿಗೆ ಶಾಲೆಯ ವಿದ್ಯೆಗಿಂತ ಮನೆಯ ಕರಕುಶಲದ ವಿದ್ಯೆ ಹೆಚ್ಚು ಲಭಿಸಿತ್ತು. 1913ರಲ್ಲಿ ದಾದಾಸಾಹೇಬ್ ಫಾಳಕೆಯವರ ರಾಜಾ ಹರಿಶ್ಚಂದ್ರ ಚಲಚ್ಚಿತ್ರವು ಹೊರಬಿದ್ದ ಮೇಲೆ ಇವರಿಗೂ ಅದೇ ಹುಚ್ಚು ಹತ್ತಿತು. ಆದರೆ ವಿಲಾಯತಿಯ ಕ್ಯಾಮೆರಾವನ್ನು ಕೊಳ್ಳುವಷ್ಟು ದ್ರವ್ಯವೆಲ್ಲಿ? ಅವರಿಗೆ ದೊರೆತದ್ದು ಚಿತ್ರವನ್ನು ತೋರಿಸುವ ಪ್ರೊಜೆಕ್ಟರು. ಅದನ್ನು ಇಟ್ಟುಕೊಂಡು ಚಿತ್ರಗಳನ್ನು ಪ್ರದರ್ಶಿಸುತ್ತ, ಕ್ಯಾಮೆರಾವನ್ನು ತಾವೇ ನಿರ್ಮಿಸುವ ಪ್ರಯೋಗಕ್ಕೆ ತೊಡಗಿದರು. ವಿಚಾರಿಸಿ ನೋಡಿದರೆ ತೋರಿಸುವ ಯಂತ್ರಕ್ಕೂ ಹಿಡಿಯುವ ಯಂತ್ರಕ್ಕೂ ಹೃದಯಸ್ಥಾನ ಒಂದೇ: ಫಿಲ್ಮಿನ ಪಟ್ಟಿಯು ಒಂದು ಚೌಕಟ್ಟಿನಷ್ಟು ಸರಿದು, ಕ್ಷಣಮಾತ್ರ ಸ್ತಬ್ಧವಾಗಿ ನಿಂತು, ಮತ್ತೆ ಸರಿಯಬೇಕು, ನಿಂತಾಗ ಮಾತ್ರ ಬೆಳಕು ಹಾಯಬೇಕು, ಸರಿಯುವಾಗ ಮುಚ್ಚಿರಬೇಕು. ಒಂದರಲ್ಲಿ ಬೆಳಕು ಒಳಗಿನಿಂದ ಹೊರಗೆ ಹೋಗುತ್ತದೆ, ಇನ್ನೊಂದರಲ್ಲಿ ಹೊರಗಿನಿಂದ ಒಳಗೆ ಬರುತ್ತದೆ. ಈ ಒಂದನ್ನು ಬಲ್ಲವನು ಇನ್ನೊಂದನ್ನು ಮಾಡಬಲ್ಲನೆಂಬ ತರ್ಕ ಸರಳವಾಗಿ ಕಂಡರೂ, ಹಲ್ಲುಗಾಲಿಯ ಒಂದೊಂದು ಹಲ್ಲನ್ನೂ ಕೈಯಿಂದ ಅರದಲ್ಲಿ ತೀಡಿ ಆ ತರ್ಕವನ್ನು ಹಿತ್ತಾಳೆಯಲ್ಲಿ ಸಾಧಿಸುವುದು ಸಾಮಾನ್ಯವಾದ ಕೆಲಸವಲ್ಲ.

ಪ್ರಯೋಗವು ನಡೆಯುತ್ತಿರುವಾಗಲೇ, 1916ರಲ್ಲಿ, ಆನಂದರಾವ್ ಅಕಾಲಮರಣಕ್ಕೆ ತುತ್ತಾದರು. ಬಾಬೂರಾವ್ ಅವರು ತಮ್ಮ ಶಿಷ್ಯ ವಿಷ್ಣುಪಂತ ದಾಮಲೆಯವರೊಡನೆ ಕೆಲಸವನ್ನು ಮುಂದುವರಿಸಿ 1918ರ ಹೊತ್ತಿಗೆ ಚಾಲನೆಗೆ ಯೋಗ್ಯವಾದ ಕ್ಯಾಮೆರಾವನ್ನು ಸಿದ್ಧಪಡಿಸಿದರು. ಮಹಾರಾಷ್ಟ್ರ ಫಿಲ್ಮ್ ಕಂಪನಿಯ ಸೈರಂಧ್ರಿಯು 1920ರಲ್ಲಿ ತೆರೆಯನ್ನು ಕಂಡದ್ದೂ, ಲೋಕಮಾನ್ಯ ತಿಲಕರು ಬಾಬೂರಾವ್ ಅವರಿಗೆ ಸಿನೇಮಾಕೇಸರಿ ಎಂಬ ಬಿರುದನ್ನಿತ್ತದ್ದೂ, 1929ರಲ್ಲಿ ದಾಮಲೆ, ಫತ್ತೇಲಾಲ್, ಶಾಂತಾರಾಮ್ ಮೊದಲಾದವರು ಹೊರಬಂದು ಕೊಲ್ಹಾಪುರದಲ್ಲಿಯೇ ಪ್ರಭಾತ್ ಸಂಸ್ಥೆಯನ್ನು ಸ್ಥಾಪಿಸಿದ್ದೂ ಚಿತ್ರರಂಗದ ಇತಿಹಾಸಕಾರರ ವಿಷಯ. ನಮ್ಮ ವಿಷಯಕ್ಕೆ ಬೇಕಾದುದು ಇಷ್ಟು: ಅಂದಿನ ಕೊಲ್ಹಾಪುರದಲ್ಲಿ ಪರದೆ ಬರೆಯುವ ಕುಂಚವೂ, ಚೌಕಟ್ಟು ಕೊಯ್ಯುವ ಗರಗಸವೂ, ಹಿತ್ತಾಳೆ ತೀಡುವ ಅರವೂ ಒಂದೇ ಕೈಯಲ್ಲಿ ಇರಬಹುದಾಗಿತ್ತು, ಹಾಗೆ ಇದ್ದುದರಿಂದಲೇ ಕೆಲಸ ಸಿದ್ಧಿಸಿತು. ವಿದ್ಯೆಗಳನ್ನು ಬೇರೆ ಬೇರೆ ಕೊಠಡಿಗಳಲ್ಲಿ ಕೂಡಿಹಾಕಿದ ಮೇಲೆ ಪದವೀಧರರ ಸಂಖ್ಯೆ ಹೆಚ್ಚಿತೆಂಬುದು ನಿಜ. ಅಂಥ ಕ್ಯಾಮೆರಾ ಇನ್ನೊಂದು ಆಯಿತೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಕನ್ನಡಿಗರಾದ ನಾವು ಮರೆಯಬಾರದ ಇನ್ನೊಂದು ಹೆಸರು ಲಕ್ಷ್ಮಣರಾವ್ ಕಿರ್ಲೋಸ್ಕರರದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಈ ಪುರುಷನು ಚಿತ್ರಕಾರನಾಗಬೇಕೆಂದು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿ, ತನ್ನ ಕಣ್ಣಿಗೆ ಬಣ್ಣಗಳ ಭೇದ ಸರಿಯಾಗಿ ತಿಳಿಯದೆಂದು ಗೊತ್ತಾದ ಮೇಲೆ ಯಂತ್ರಗಳ ರೇಖಾಚಿತ್ರದ ಕಡೆಗೆ ತಿರುಗಿ, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಅದನ್ನೇ ಬೋಧಿಸಿದನು. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಡೆಗೆ ಪುರಸಭೆಯವರಿಗೆ ಆ ಜಾಗ ಬೇಕಾದ್ದರಿಂದ ಅಲ್ಲಿಂದೆದ್ದು, ಔಂಧ ಸಂಸ್ಥಾನಾಧಿಪತಿಯ ಆಶ್ರಯದಲ್ಲಿ ಕುಂಡಲದ ಬಳಿಯ ಬರಡುಭೂಮಿಯಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದನು. ಕಬ್ಬಿಣದಿಂದ ಉತ್ತರೆ ಮಣ್ಣು ವಿಷವಾದೀತೆಂದು ರೈತರು ಆ ನೇಗಿಲನ್ನು ಬಹುಕಾಲ ಮುಟ್ಟಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಚ್ಚಾ ಕಬ್ಬಿಣ ದುರ್ಲಭವಾದಾಗ ಶಾಹೂ ಮಹಾರಾಜರು ಪನ್ಹಾಳದ ಕೋಟೆಯಲ್ಲಿ ಬಿದ್ದಿದ್ದ ಹಳೆಯ ತೋಪುಗಳನ್ನು ಕರಗಿಸಿಕೊಳ್ಳಲು ಕೊಟ್ಟರೆಂಬ ವೃತ್ತಾಂತವು ಕೊಲ್ಹಾಪುರದಲ್ಲಿ ಇಂದಿಗೂ ಪ್ರಚಲಿತವಾಗಿದೆ. ಇದೇ ಮನೆತನವು 1941ರಲ್ಲಿ ಹರಿಹರದ ತುಂಗಭದ್ರೆಯ ದಡದಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಲೇಥು ತಯಾರಿಸುವ ಕಾರ್ಖಾನೆಯನ್ನು ನೆಲೆಗೊಳಿಸಿತು. ಆ ಕಾರ್ಖಾನೆಯ ಬಾಗಿಲು ಮುಚ್ಚಿ ಎಷ್ಟೋ ವರ್ಷಗಳಾದವು; ಅಲ್ಲಿಯ ಟರ್ನ್‌ಮಾಸ್ಟರ್ ಲೇಥುಗಳಿಗೆ ಹಳೆಯ ಯಂತ್ರಗಳ ಪೇಟೆಯಲ್ಲಿ ಈಗಲೂ ಗಿರಾಕಿಗಳಿದ್ದಾರೆ.

ಇಚಲಕರಂಜಿಯ ಕಥೆಯಲ್ಲಿ ಈ ಪುನರ್ಜನ್ಮದ ತತ್ತ್ವವು ಊರಿನ ಪ್ರಮಾಣಕ್ಕೆ ಬೆಳೆದಿದೆ. ಘೋರ್ಪಡೆ ಜಹಗೀರುದಾರರ ಆ ಸಣ್ಣ ಊರಿನಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರ ಎಂಬವರು ಮೊದಲನೆಯ ವಿದ್ಯುನ್ಮಗ್ಗವನ್ನು ನಿಲ್ಲಿಸಿದರು. ವಿದ್ಯುನ್ಮಗ್ಗವೆಂಬುದು ರೂಢಿಯ ಮಾತು. ಅಂಥ ಮಗ್ಗಗಳು ಬಹುಕಾಲ ತಿರುಗುತ್ತಿದ್ದುದು ವಿದ್ಯುತ್ತಿನಿಂದಲ್ಲ, ಎಣ್ಣೆಯ ಎಂಜಿನ್ನಿನಿಂದ. ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬರ ಪ್ರೋತ್ಸಾಹದಿಂದ ಮಗ್ಗಗಳು ಹೆಚ್ಚಿದವು. ಒಂದು ಎಂಜಿನ್ನು, ಅದರಿಂದ ಮಾಡಿನ ಕೆಳಗೆ ಉದ್ದಕ್ಕೂ ತಿರುಗುವ ಒಂದು ಉಕ್ಕಿನ ದಂಡ, ಆ ದಂಡದಿಂದ ಒಂದೊಂದು ಮಗ್ಗಕ್ಕೂ ಇಳಿಯುವ ಚರ್ಮದ ಪಟ್ಟ, ಇದು ಆಗಿನ ವ್ಯವಸ್ಥೆ. ಪ್ರತಿಯೊಂದು ಮಗ್ಗಕ್ಕೂ ಸ್ವಂತ ಮೋಟಾರು ದೊರೆತದ್ದು ಬಹಳ ಕಾಲಾನಂತರ.

ಮುಂಬಯಿ ಅಹಮದಾಬಾದುಗಳ ಗಿರಣಿಗಳು ಹೊಸ ಮಗ್ಗಗಳನ್ನು ತರಿಸಿಕೊಂಡಾಗಲೆಲ್ಲ ಹಳೆಯ ಲ್ಯಾಂಕಶೈರಿನ ಮಗ್ಗಗಳು ಇಂಥ ಊರುಗಳ ದಾರಿಯನ್ನು ಹಿಡಿದವು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಂಬಯಿ ಗಿರಣಿಕಾರ್ಮಿಕರ ಮುಷ್ಕರವು ಗಿರಣಿಗಳ ಬೆನ್ನುಮೂಳೆಯನ್ನೇ ಮುರಿದ ಮೇಲೆ ನೇಯ್ಗೆಯ ವ್ಯಾಪಾರವು ಭಿವಂಡಿ, ಮಾಲೇಗಾಂವ, ಇಚಲಕರಂಜಿಗಳ ಕಡೆಗೆ ಇನ್ನಷ್ಟು ವೇಗವಾಗಿ ಹರಿಯಿತು. ಒಂದು ನಗರದ ಲಕ್ಷಾಂತರ ಕುಟುಂಬಗಳ ವಿಪತ್ತು ಇನ್ನೊಂದು ನಗರದ ಅಭ್ಯುದಯಕ್ಕೆ ಕಾರಣವಾಯಿತೆಂಬ ಮಾತನ್ನು ಸಂಭ್ರಮದಿಂದ ಹೇಳಲು ನನಗೆ ಮನಸ್ಸು ಬಾರದು. ಅದು ಹಾಗಿರಲಿ; ಬಂದ ಮಗ್ಗವು ಬಂದ ಹಾಗೆಯೇ ಉಳಿಯಲಿಲ್ಲವೆಂಬುದು ಮುಖ್ಯ. ಅಥಣಿ, ಜಮಖಂಡಿ, ರಬಕವಿಗಳ ಕಡೆಯಿಂದ ಬಂದ ಕನ್ನಡಿಗ ನೇಕಾರರೂ ಜಾಬರ್ ಎಂದು ಕರೆಯಲ್ಪಡುವ ಮಗ್ಗದ ಮೇಸ್ತ್ರಿಗಳೂ ಇರುವ ಈ ಊರಿನಲ್ಲಿ, ಸವೆದ ಹಲ್ಲುಗಾಲಿಗೆ ಬದಲಿ ಎರಕವು ಕೊಲ್ಹಾಪುರದ ಫೌಂಡ್ರಿಯಿಂದ ಬರುತ್ತಿತ್ತು; ಸಾದಾ ಮಗ್ಗದ ಮೇಲೆ, ವಿನ್ಯಾಸಕ್ಕೆ ತಕ್ಕಂತೆ ಹಾಸಿನ ಎಳೆಗಳನ್ನು ಎತ್ತಿಳಿಸುವ ಡಾಬಿ ಕುಳಿತಿತು; ಮರದ ಭಾಗದ ಸ್ಥಾನಕ್ಕೆ ನೈಲಾನಿನ ಭಾಗ ಬಂತು. ಕೇಂದ್ರಸರ್ಕಾರವೂ ಕಡೆಗೆ ಇದನ್ನೇ ಒಂದು ಯೋಜನೆಯಾಗಿ ಅಂಗೀಕರಿಸಿ, ಸಾದಾ ವಿದ್ಯುನ್ಮಗ್ಗಗಳನ್ನು ಇದ್ದಲ್ಲಿಯೇ ಉನ್ನತೀಕರಿಸುವುದಕ್ಕೆ ಸಹಾಯಧನವನ್ನು ಕೊಟ್ಟಿತು. 2017ರ ಪವರ್‌ಟೆಕ್ಸ್ ಇಂಡಿಯಾ ಯೋಜನೆಯಲ್ಲಿಯೂ ಇದು ಸೇರಿತು. ಆ ಜೋಡಣೆಗಳಲ್ಲಿ ಒಂದು, ಹಾಸಿನ ಎಳೆ ತುಂಡಾದಾಗ ಮಗ್ಗವು ತಾನಾಗಿ ನಿಲ್ಲುವ ಸಾಧನ: ಒಂದೊಂದು ಎಳೆಗೂ ಒಂದು ತೆಳುವಾದ ಉಕ್ಕಿನ ಪಟ್ಟಿ ನೇತಾಡುತ್ತಿರುತ್ತದೆ, ಎಳೆ ಹರಿದೊಡನೆ ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ.

ಇನ್ನು ಕೊಲ್ಹಾಪುರದ ಫೌಂಡ್ರಿಗಳ ವಿಚಾರ. ಕಬ್ಬು ಬೆಳೆಯುವ ಸೀಮೆಗೆ ಗಾಣ ಬೇಕು. ಮರದ ಗಾಣ ಹೋಗಿ ಕಬ್ಬಿಣದ ಗಾಣ ಬಂದ ಮೇಲೆ ಅದರ ಉರುಳೆಗಳನ್ನು ಎರಕ ಹೊಯ್ಯುವವರು ಬೇಕು. ಎತ್ತು ಹೋಗಿ ಎಂಜಿನ್ನು ಬಂದ ಮೇಲೆ ಅದನ್ನು ದುರಸ್ತಿ ಮಾಡುವವರು ಬೇಕು. ದುರಸ್ತಿ ಮಾಡುವವನು ಕೆಲವು ವರ್ಷಗಳಲ್ಲಿ ತಾನೇ ಎಂಜಿನ್ನನ್ನು ಮಾಡತೊಡಗುತ್ತಾನೆ. ಮ್ಹಾದಬಾ ಮೇಸ್ತ್ರಿ, ವೈ. ಪಿ. ಪವಾರ ಎಂಬ ಹೆಸರುಗಳನ್ನು ಈ ಉದ್ಯಮದ ಆದ್ಯಪುರುಷರವೆಂದು ಊರಿನವರು ಗೌರವದಿಂದ ಸ್ಮರಿಸುತ್ತಾರೆ. ನಗರದೊಳಗಿನ ಶಿವಾಜಿ ಉದ್ಯಮನಗರದಿಂದ ಆರಂಭಿಸಿ ಶಿರೋಲಿ, ಗೋಕುಲ ಶಿರಗಾಂವಗಳ ಔದ್ಯೋಗಿಕ ವಸಾಹತುಗಳ ವರೆಗೆ ಹಬ್ಬಿದ ಎರಕದ ಕಾರ್ಖಾನೆಗಳು ಇಂದು ದೇಶದ ಮೋಟಾರು ವಾಹನಗಳಿಗೂ ಪಂಪುಗಳಿಗೂ ಬಿಡಿಭಾಗಗಳನ್ನು ಒದಗಿಸುತ್ತವೆ.

ಈ ಫೌಂಡ್ರಿಗಳ ಹಿಂದೆ ಒಬ್ಬ ಬಡಗಿಯಿದ್ದಾನೆಂಬುದನ್ನು ಹೊರಗಿನವರು ಗಮನಿಸುವುದಿಲ್ಲ. ಕಬ್ಬಿಣದ ಯಾವುದೇ ಭಾಗವನ್ನು ಎರಕ ಹೊಯ್ಯಬೇಕಾದರೆ ಸಾಮಾನ್ಯವಾಗಿ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದಾಗ ಉಳಿಯುವ ಪೊಳ್ಳಿಗೆ ಕರಗಿದ ಲೋಹವನ್ನು ಸುರಿಯುವುದು. ಕಾರ್ಖಾನೆಯವರು ಪ್ಯಾಟರ್ನ್ ಎನ್ನುವ ಈ ಮರದ ಪ್ರತಿಕೃತಿಯು ಬರಿಯ ಪ್ರತಿಕೃತಿಯಲ್ಲ. ಬೀಡುಕಬ್ಬಿಣ ತಣಿಯುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆಯಾದ್ದರಿಂದ ಪ್ಯಾಟರ್ನ್ ಮಾಡುವವನ ಅಳತೆಯ ಪಟ್ಟಿಯಲ್ಲಿ ಅಡಿಯೆಂಬುದು ನಿಜವಾದ ಅಡಿಗಿಂತ ಒಂದಿಷ್ಟು ದೊಡ್ಡದು. ಮರಳಿನ ಅಂಚು ಕುಸಿಯದಂತೆ ಮೇಲಕ್ಕೆಳೆಯಲು ಪಕ್ಕಗಳಿಗೆಲ್ಲ ಅತ್ಯಲ್ಪವಾದ ಇಳಿಜಾರು ಬೇಕು. ಮುಂದೆ ಲೇಥಿನಲ್ಲಿ ತಿರುವಿ ತೆಗೆಯತಕ್ಕ ಮುಖಗಳಿಗೆ ದಪ್ಪವನ್ನು ಹೆಚ್ಚಾಗಿ ಬಿಡಬೇಕು. ಒಳಗಿನ ಪೊಳ್ಳಿಗೆ ಬೇರೆಯ ಪೆಟ್ಟಿಗೆ ಬೇಕು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಚೆನ್ನಾಗಿ ಒಣಗಿದ ಸಾಗುವಾನಿಯನ್ನು ಕೊಯ್ಯುವವನಿಗೆ ಬೇಕಾದ ಮೊದಲನೆಯ ಸಾಧನವೇ ಗರಗಸದ ಮೇಜು. ಆ ಮೇಜಾದರೋ ಬೀಡುಕಬ್ಬಿಣದ್ದು, ಅಂದರೆ ಎಲ್ಲಿಯೋ ಇನ್ನೊಬ್ಬ ಬಡಗಿಯ ಪ್ಯಾಟರ್ನಿನಿಂದ ಹುಟ್ಟಿದ್ದು. ಹಳೆಯ ಗರಗಸದ ಒಂದು ಕಾಲೋ, ಇರಸಿನ ಗೂಡೋ ಬಿರಿದರೆ, ಆ ಗರಗಸದ ಮೇಲೆಯೇ ಮರವನ್ನು ಕೊಯ್ದು, ಬಿರಿದ ಭಾಗದ ಪ್ಯಾಟರ್ನನ್ನು ಮಾಡಿ, ಬೀದಿಯ ಆಚೆಯ ಫೌಂಡ್ರಿಯಲ್ಲಿ ಎರಕ ಹೊಯ್ಯಿಸಿ, ಪಕ್ಕದ ಲೇಥಿನಲ್ಲಿ ನಯಗೊಳಿಸಿ, ಮತ್ತೆ ಅದೇ ಗರಗಸಕ್ಕೆ ತೊಡಿಸಬಹುದು. ಯಂತ್ರವೊಂದು ತನ್ನ ಚಿಕಿತ್ಸೆಯಲ್ಲಿ ತಾನೇ ಪಾಲ್ಗೊಳ್ಳುವ ಈ ಸೌಕರ್ಯವು ಭಾರತದಲ್ಲಿ ಎಲ್ಲ ಊರುಗಳಿಗೂ ಇಲ್ಲ. ಕೊಲ್ಹಾಪುರಕ್ಕೆ ಇದೆ, ಆದುದರಿಂದಲೇ ಇಲ್ಲಿ ಹಳೆಯ ಯಂತ್ರಕ್ಕೆ ಸಾವು ಸುಲಭವಾಗಿ ಬರುವುದಿಲ್ಲ.

ಮನೆಯ ಹಿತ್ತಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಬಡಗಿತನವನ್ನು ನಡೆಸುವವನು ಹಳೆಯ ಮೇಜನ್ನೇ ಹುಡುಕಿ ಹೋಗುವುದಕ್ಕೆ ಬರಿಯ ಬಡತನ ಕಾರಣವೆಂದು ತಿಳಿಯಕೂಡದು. ಎರಕ ಹೊಯ್ದ ಕಬ್ಬಿಣದೊಳಗೆ ಅಲ್ಲಲ್ಲಿ ಬಿಗಿತ ಉಳಿದಿರುತ್ತದೆ. ಕೂಡಲೇ ಮುಖ ತೆಗೆದು ಮಾರಿದ ಮೇಜು ವರ್ಷ ಕಳೆಯುವುದರೊಳಗೆ ಕೂದಲೆಳೆಯಷ್ಟು ಬಾಗಿದರೂ ಹಲಗೆಯನ್ನು ಚೌಕವಾಗಿ ಕೊಯ್ಯಲಾಗುವುದಿಲ್ಲ. ಹಿಂದಿನವರು ಎರಕವನ್ನು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಟ್ಟು ಹಣ್ಣಾಗಿಸಿ ಆಮೇಲೆ ಮುಖ ತೆಗೆಯುತ್ತಿದ್ದರು. ಗಡಿಭಾಗದ ಮೇಸ್ತ್ರಿಗಳು ಇದನ್ನು ಹೇಳುವ ರೀತಿ ಇನ್ನೂ ಸೊಗಸು: “ಹಳೇ ಬೀಡ ಐತ್ರಿ ಇದು, ಬಾಗೂದೆಲ್ಲಾ ಬಾಗಿ ಮುಗದೈತ್ರಿ.” ಹೊಸ ಯಂತ್ರಗಳ ತೆಳುವಾದ ತಗಡಿನ ಮೇಜುಗಳನ್ನೂ ಅಲ್ಯೂಮಿನಿಯಮ್ಮಿನ ಮೇಜುಗಳನ್ನೂ ಹಳೆಯ ಮೇಜಿನ ಪಕ್ಕದಲ್ಲಿಟ್ಟು ನೋಡಿದರೆ ಭಾರದ ಬೆಲೆ ಗೊತ್ತಾಗುತ್ತದೆ, ಬೀಡುಕಬ್ಬಿಣವು ತನ್ನೊಳಗಿನ ಗ್ರಾಫೈಟಿನ ಪದರುಗಳಿಂದ ಕಂಪನವನ್ನು ನುಂಗಿಬಿಡುತ್ತದೆ. ಆದರೆ ಮೇಜೊಂದನ್ನು ಬಿಟ್ಟರೆ ಮಿಕ್ಕುದೆಲ್ಲ ಪರಿಷ್ಕಾರವನ್ನು ಅಪೇಕ್ಷಿಸುತ್ತದೆ.

ಮೊದಲನೆಯದು ಇರಸು. ಹಳೆಯ ಗರಗಸಗಳ ದಂಡವು ತಿರುಗುತ್ತಿದ್ದುದು ಐಸಾಕ್ ಬ್ಯಾಬಿಟ್ಟನು 1839ರಲ್ಲಿ ಹಕ್ಕು ಪಡೆದ ಮೃದುವಾದ ಬಿಳಿಯ ಮಿಶ್ರಲೋಹದ ಹೊದಿಕೆಯೊಳಗೆ. ಆಗಾಗ ಎಣ್ಣೆ ಕುಡಿಸದಿದ್ದರೆ ಅದು ಕಾದು ಕರಗಿಹೋಗುವುದು. ಅದನ್ನು ಕೆತ್ತಿ ತೆಗೆದು, ಗೂಡನ್ನು ಲೇಥಿನಲ್ಲಿ ಕೊರೆಯಿಸಿ, ಬಾಲ್ ಬೇರಿಂಗು ಕೂರಿಸುವುದು ಉದ್ಯಮನಗರದ ಯಾವ ಸಣ್ಣ ಲೇಥಿನವನಿಗೂ ಪರಿಚಿತವಾದ ಕೆಲಸ. ಎರಡನೆಯದಾಗಿ, ಅಗಲವಾದ ಚಪ್ಪಟೆ ಪಟ್ಟದ ಸ್ಥಾನಕ್ಕೆ ವಿ ಆಕಾರದ ರಬ್ಬರ್ ಪಟ್ಟ ಬಂದಿತು. ನಿಮಿಷಕ್ಕೆ 1440 ಸುತ್ತಿನ ಮೋಟಾರಿಗೆ 6 ಇಂಚಿನ ಗಾಲಿಯನ್ನೂ ಗರಗಸದ ದಂಡಕ್ಕೆ 3 ಇಂಚಿನ ಗಾಲಿಯನ್ನೂ ಹಾಕಿದರೆ ಬಿಲ್ಲೆಯು 2880 ಸುತ್ತು ತಿರುಗುತ್ತದೆ. 12 ಇಂಚಿನ ಬಿಲ್ಲೆಯಾದರೆ ಹಲ್ಲಿನ ತುದಿಯು ಸೆಕೆಂಡಿಗೆ ಸುಮಾರು 46 ಮೀಟರು ದೂರವನ್ನು ಕ್ರಮಿಸುತ್ತದೆ. ಈ ಲೆಕ್ಕವನ್ನು ಮಾಡದೆ, ವೇಗ ಹೆಚ್ಚಾದಷ್ಟೂ ಒಳ್ಳೆಯದೆಂದು ಕೈಗೆ ಸಿಕ್ಕಿದ ಗಾಲಿಯನ್ನು ತೊಡಿಸಿದವರು ಬಿಲ್ಲೆಯು ಸಹಿಸಲಾರದ ವೇಗಕ್ಕೆ ಅದನ್ನು ದೂಡಿದ್ದುಂಟು. ಮನೆಗೆ ಬರುವುದು ಸಿಂಗಲ್ ಫೇಸಿನ ವಿದ್ಯುತ್ತು, ಗುಜರಿಯಲ್ಲಿ ಸಿಗುವುದು ತ್ರೀ ಫೇಸಿನ ಮೋಟಾರು. ಇವೆರಡಕ್ಕೂ ಸಂಧಿ ಮಾಡಿಸುವ ವಿಎಫ್‌ಡಿ ಎಂಬ ಪೆಟ್ಟಿಗೆ ಈಚೆಗೆ ಅಗ್ಗವಾದುದರಿಂದ ಎಷ್ಟೋ ಹಳೆಯ ಮೋಟಾರುಗಳು ಮನೆಗಳನ್ನು ಹೊಕ್ಕಿವೆ.

ಹಲಗೆಯನ್ನು ಆನಿಸಿ ತಳ್ಳುವ ಅಡ್ಡಪಟ್ಟಿಯು ಬಿಲ್ಲೆಗೆ ಸಮಾನಾಂತರವಾಗಿ ನಿಲ್ಲಬೇಕಾದುದು ಮೂರನೆಯದು, ಮತ್ತು ಎಲ್ಲಕ್ಕಿಂತಲೂ ಹೆಚ್ಚು ತಾಳ್ಮೆಯನ್ನು ಬೇಡುವುದು. ಬಡಗಿಯು ಸೂತದ ಲೆಕ್ಕದಲ್ಲಿ, ಎಂದರೆ ಇಂಚಿನ ಎಂಟನೆಯ ಒಂದು ಭಾಗದಲ್ಲಿ ಯೋಚಿಸುತ್ತಾನೆ; ಲೇಥಿನವನು ಇಂಚಿನ ಸಾವಿರದ ಒಂದು ಭಾಗದಲ್ಲಿ ಯೋಚಿಸುತ್ತಾನೆ; ಹಳೆಯ ಗರಗಸದ ಅಡ್ಡಪಟ್ಟಿಯನ್ನು ಸರಿಪಡಿಸುವಾಗ ಬಡಗಿಯು ಲೇಥಿನವನ ಕಣ್ಣನ್ನು ಕಡ ತರಬೇಕಾಗುತ್ತದೆ. ಹಿಂದಿನ ತುದಿಯು ಬಿಲ್ಲೆಯ ಕಡೆಗೆ ಸ್ವಲ್ಪ ವಾಲಿದರೂ ಮರವು ನಡುವೆ ಸಿಕ್ಕಿ, ಏಳುವ ಹಲ್ಲುಗಳ ಮೇಲೇರಿ, ತಳ್ಳುವವನ ಹೊಟ್ಟೆಯ ಕಡೆಗೆ ಬಾಣದಂತೆ ಹಿಂದಿರುಗುತ್ತದೆ. ಕೊಲ್ಹಾಪುರದ ಕುಶಲಿಗಳು ಚೌಕ ಕಬ್ಬಿಣದ ಕೊಳವೆಯನ್ನು ಬೆಸೆದು ತಾವೇ ಮಾಡಿಕೊಂಡ ಅಡ್ಡಪಟ್ಟಿಗಳಲ್ಲಿ ಕೆಲವು ವಿಲಾಯತಿಯವಕ್ಕೆ ಯಾವ ವಿಧದಲ್ಲಿಯೂ ಕಡಿಮೆಯಲ್ಲ. ಇದಾವುದರ ಗೊಡವೆಯೂ ಬೇಡವೆನ್ನುವವರು ಕಲ್ಲು ಕೊಯ್ಯುವ 4 ಇಂಚಿನ ಕೈಕಟರನ್ನು ಪ್ಲೈವುಡ್ಡಿನ ಅಡಿಗೆ ತಲೆಕೆಳಗಾಗಿ ತಿರುಪಿನಿಂದ ಬಿಗಿದು ಅದನ್ನೇ ಮೇಜಿನ ಗರಗಸವೆಂದು ಕರೆಯುತ್ತಾರೆ. ಅದು ಚಾತುರ್ಯವಿರಬಹುದು, ಜೀರ್ಣೋದ್ಧಾರವಲ್ಲ, ಮತ್ತು ಅದರ ಪಕ್ಕದಲ್ಲಿ ನಿಲ್ಲುವುದು ನನಗೆ ಇಷ್ಟವಿಲ್ಲ.

ಮರದ ಸ್ಥಿತಿಯೂ ಈ ನಡುವೆ ಬದಲಾಯಿತು. ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ಆಜ್ಞೆಯೂ, 2002ರಲ್ಲಿ ಕೇಂದ್ರದ ಅಧಿಕೃತ ಸಮಿತಿಯ ಅನುಮತಿಯಿಲ್ಲದೆ ಹೊಸ ಕೊಯ್ತದ ಗಿರಣಿಗಳನ್ನು ತೆರೆಯಬಾರದೆಂದು ಮಾಡಿದ ಆಜ್ಞೆಯೂ ಕಾಡಿನ ದಿಮ್ಮಿಯ ವ್ಯಾಪಾರಕ್ಕೆ ಕಡಿವಾಣ ಹಾಕಿದವು, ಅದು ಆಗಬೇಕಾದದ್ದೇ. ಪ್ಲೈವುಡ್ಡು ಬಂದಿತು, ಹೊರದೇಶದ ದಿಮ್ಮಿ ಬಂದಿತು. ಇವುಗಳ ಜೊತೆಗೆ, ಕೆಡವಿದ ವಾಡೆಗಳ ತೊಲೆಗಳೂ ಬಾಗಿಲುಗಳೂ ಪೇಟೆಗೆ ಬಂದವು. ಗಡಹಿಂಗ್ಲಜದ ಹಳೆಯ ಮನೆಯ ಸಾಗುವಾನಿಯ ಜಂತಿಯನ್ನು ಕೊಳ್ಳುವವನು ನೂರು ವರ್ಷ ಒಣಗಿದ ಮರವನ್ನು ಕೊಳ್ಳುತ್ತಾನೆ, ಅದರೊಳಗೆ ಮುರಿದುಳಿದ ಮೊಳೆಗಳನ್ನೂ ಕೊಳ್ಳುತ್ತಾನೆ. ಜರ್ಮನಿಯ ಕ್ರುಪ್ ಸಂಸ್ಥೆಯು 1920ರ ದಶಕದಲ್ಲಿ ವೀಡಿಯಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದ ಕಾರ್ಬೈಡಿನ ತುಣುಕುಗಳನ್ನು ಹಲ್ಲಿಗೆ ಬೆಸೆದ ಬಿಲ್ಲೆಗಳು ಇಂದು ಎಲ್ಲೆಲ್ಲಿಯೂ ಬಳಕೆಯಲ್ಲಿವೆ. ಪ್ಲೈವುಡ್ಡಿನ ಅಂಟಿಗೆ ಅವು ಜಗ್ಗುವುದಿಲ್ಲ, ಅಡಗಿದ ಮೊಳೆಗೆ ಮಾತ್ರ ಹಲ್ಲು ಸಿಡಿಯುತ್ತದೆ. ಸಾದಾ ಉಕ್ಕಿನ ಬಿಲ್ಲೆಯು ಮೊಳೆಗೆ ಮೊಂಡಾದರೆ ಅರದಿಂದ ಮತ್ತೆ ಹರಿತಗೊಳಿಸಬಹುದು. ಆದುದರಿಂದ ಬಲ್ಲವನು ಪ್ಲೈವುಡ್ಡಿಗೆ ಒಂದನ್ನೂ ಹಳೆಯ ತೊಲೆಗೆ ಇನ್ನೊಂದನ್ನೂ ಇಟ್ಟುಕೊಂಡು, ಕೊಯ್ಯುವುದಕ್ಕೆ ಮುಂಚೆ ಆಯಸ್ಕಾಂತವನ್ನು ಮರದ ಮೇಲೆ ಸರಿಸಿ ನೋಡುತ್ತಾನೆ.

ಇಷ್ಟೆಲ್ಲ ಪರಿಷ್ಕಾರಗಳ ನಡುವೆ ಒಂದು ಮಾತ್ರ ಹಿಂದೆ ಬಿದ್ದಿತು. ಬಿಲ್ಲೆಯ ಹಿಂದೆ ನಿಂತು ಕೊಯ್ದ ಸೀಳನ್ನು ಕೂಡದಂತೆ ತಡೆಯುವ ಉಕ್ಕಿನ ಅಲಗು, ಬಿಲ್ಲೆಯ ಮೇಲಿನ ಮುಚ್ಚಳ, ಇವೆರಡೂ ಹಳೆಯ ಯಂತ್ರದಲ್ಲಿ ಇದ್ದರೂ ಕೆಲಸಕ್ಕೆ ಅಡ್ಡಿಯೆಂದು ಕಳಚಿ ಮೂಲೆಗೆ ಎಸೆಯಲ್ಪಟ್ಟಿರುತ್ತವೆ. ಇಲ್ಲದಿದ್ದರೆ ಹೊಸದಾಗಿ ಮಾಡಿಸುವ ಯೋಚನೆ ಬರುವುದಿಲ್ಲ. ಬೇರಿಂಗಿಗೂ ಮೋಟಾರಿಗೂ ಹಣ ಹಾಕುವ ಕೈಯೇ ತನ್ನ ಬೆರಳುಗಳಿಗೆ ಹಾಕುವುದಿಲ್ಲ. ಅಮೆರಿಕದ ಸ್ಟೀಫನ್ ಗ್ಯಾಸ್ ಎಂಬವರು 1999ರಲ್ಲಿ ಯೋಚಿಸಿದ ಸಾಧನವು ಚರ್ಮವು ಹಲ್ಲಿಗೆ ತಗುಲಿದ ಸುಮಾರು 5 ಮಿಲಿಸೆಕೆಂಡುಗಳಲ್ಲಿ ಬಿಲ್ಲೆಯನ್ನು ನಿಲ್ಲಿಸುತ್ತದೆ. ಅದನ್ನು ಹಳೆಯ ಯಂತ್ರಕ್ಕೆ ಜೋಡಿಸುವ ಹಾಗಿಲ್ಲ, ಹೊಸ ಯಂತ್ರದ ಬೆಲೆಯೋ ನಮ್ಮ ಬಡಗಿಗೆ ನಿಲುಕದು. ಅಲಗನ್ನು ಮಾಡುವುದಕ್ಕಾದರೋ ಅಂಥ ಯಾವ ವಿದ್ಯೆಯೂ ಬೇಡ. ಬಿಲ್ಲೆಯ ದೇಹಕ್ಕಿಂತ ತುಸು ದಪ್ಪವೂ ಹಲ್ಲು ಕೊಯ್ಯುವ ಸೀಳಿಗಿಂತ ತುಸು ತೆಳುವೂ ಆದ ಒಂದು ಉಕ್ಕಿನ ತಗಡು, ಎರಡು ಬೋಲ್ಟು, ಉದ್ಯಮನಗರದಲ್ಲಿ ಅರ್ಧದಿನದ ಕೂಲಿ. ಇಚಲಕರಂಜಿಯ ಮಗ್ಗವು ಹಾಸಿನ ಒಂದು ಎಳೆ ಹರಿದರೆ ನಿಲ್ಲುವಂತೆ ಮಾಡಲು ಸರ್ಕಾರದ ಸಹಾಯಧನ ದೊರೆಯಿತು, ಏಕೆಂದರೆ ಹರಿದ ಎಳೆಯಿಂದ ಬಟ್ಟೆ ಕೆಟ್ಟು ಬೆಲೆ ಇಳಿಯುತ್ತದೆ. ಬಡಗಿಯ ಹಿತ್ತಿಲಿನ ಗರಗಸಕ್ಕೆ ಆ ಯೋಜನೆ ಅನ್ವಯಿಸಲಿಲ್ಲ. ಅಲ್ಲಿ ಆ ಅರ್ಧದಿನದ ಕೂಲಿಯನ್ನು ಅವನೇ ತೆರಬೇಕು.